ಮುಚ್ಚಬೇಕಾದುದು ಮಗುವಿನ ಮಾನ, ರೋಗವಲ್ಲ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಪಾಠ)





ಕುಟುಂಬದ ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ವರದಕ್ಷಿಣೆ, ಮದುವೆಯ ದುಂದುವೆಚ್ಚ, ತಲಾಕ್, ಮಕ್ಕಳ ಶಿಕ್ಷಣ ಮುಂತಾದ ವಿಷಯಗಳನ್ನು ಎತ್ತಿಕೊಳ್ಳುತ್ತೇವೆ. ಅವು ಅಗತ್ಯವೇ ಆಗಿವೆ. ಆದರೆ ನಮ್ಮ ಮನೆಗಳ ಒಳಕೋಣೆಯಲ್ಲಿ ಇನ್ನೊಂದು ವಿಷಯವಿದೆ. ಅದರ ಕುರಿತು ಜುಮಾ ಖುತ್ಬಾದಲ್ಲಿ ಮಾತಿಲ್ಲ, ಜಮಾಅತ್ ಸಭೆಯಲ್ಲಿ ಚರ್ಚೆಯಿಲ್ಲ, ಮನೆಯವರೊಳಗೂ ಪಿಸುಮಾತಿನ ಹೊರತು ಬೇರೆ ಮಾತಿಲ್ಲ. ಅದು ಹೆತ್ತ ಮಗುವಿನ ರೋಗವನ್ನು ಜಗತ್ತಿನಿಂದ ಬಚ್ಚಿಡುವ ವಿಷಯ. ಇಂದು ಅದನ್ನೇ ತಮ್ಮ ಮುಂದಿಡಲು ನಾವು ಬಯಸುತ್ತೇವೆ.

ನಾವು ಮದ್ರಸದ ವಸತಿ ನಿಲಯದಲ್ಲಿದ್ದು ಕಲಿಯುತ್ತಿದ್ದ ದಿನಗಳ ಘಟನೆಯೊಂದಿದೆ. ನಮ್ಮ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದ ಒಬ್ಬ ಹುಡುಗನಿದ್ದ. ವಯಸ್ಸು ಹನ್ನೆರಡೋ ಹದಿಮೂರೋ. ಕಂಠಪಾಠದಲ್ಲಿ ನಮ್ಮೆಲ್ಲರಿಗಿಂತ ಮುಂದು. ಒಂದು ಮುಂಜಾನೆ ಫಜ್ರ್ ನಮಾಝ್‌ಗೆ ವುಝೂ ಮಾಡುತ್ತಿದ್ದಂತೆಯೇ ಅವನು ಹೌಝ್‌ನ ಕಟ್ಟೆಯ ಬಳಿ ಕುಸಿದು ಬಿದ್ದ. ಕೈಕಾಲುಗಳು ಸೆಟೆದುಕೊಂಡವು, ಬಾಯಲ್ಲಿ ನೊರೆ ಬಂತು. ಒಬ್ಬರು ಅವನ ಕೈಗೆ ಬೀಗದ ಕೈ ಹಿಡಿಸಿದರು, ಇನ್ನೊಬ್ಬರು ಮೂಗಿಗೆ ಚಪ್ಪಲಿ ಹಿಡಿದರು. ಎರಡು ಮೂರು ನಿಮಿಷಗಳಲ್ಲಿ ಅವನು ಶಾಂತನಾದ. ಆದರೆ ಅಂದು ರಾತ್ರಿಯಿಂದ ಅವನ ಪಕ್ಕದಲ್ಲಿ ಯಾರೂ ಮಲಗಲಿಲ್ಲ. ಅವನಿಗೆ ಜಿನ್ನ್ ಹಿಡಿದಿದೆಯೆಂದು ಹುಡುಗರು ಮಾತಾಡಿಕೊಂಡರು. ನಾವೂ ನಮ್ಮ ಚಾಪೆಯನ್ನು ಎರಡು ಮೊಳ ದೂರ ಸರಿಸಿಕೊಂಡೆವು.

ನಾಲ್ಕು ದಿನಗಳ ಬಳಿಕ ಅವನ ತಂದೆ ಬಂದರು. ಇದು ಮೊದಲೇ ತಿಳಿದಿತ್ತೇ ಎಂದು ಉಸ್ತಾದರು ಕೇಳಿದಾಗ ಅವರು ತಲೆ ತಗ್ಗಿಸಿದರು. ತಿಳಿದಿತ್ತು. ವೈದ್ಯರು ಬರೆದುಕೊಟ್ಟ ಮಾತ್ರೆಯೂ ಇತ್ತು. ಯಾರ ಕಣ್ಣಿಗೂ ಬೀಳಬಾರದೆಂದು ಹುಡುಗ ಅದನ್ನು ಪೆಟ್ಟಿಗೆಯ ತಳದಲ್ಲಿ ಬಟ್ಟೆಯೊಳಗೆ ಸುತ್ತಿಟ್ಟಿದ್ದ. ನುಂಗಲು ಏಕಾಂತ ಸಿಗದ ದಿನ ನುಂಗುತ್ತಿರಲಿಲ್ಲ. ಹೇಳಿದರೆ ಮಗನನ್ನು ಸೇರಿಸಿಕೊಳ್ಳಲಾರರು ಎಂಬುದು ತಂದೆಯ ಭಯವಾಗಿತ್ತು. ಆ ಭಯ ಸುಳ್ಳಾಗಲಿಲ್ಲ. ತಂದೆ ಮಗನ ಹಾಸಿಗೆ ಸುತ್ತಿಕೊಂಡು ಹೊರಟುದನ್ನು ನಾವು ಕಿಟಕಿಯಿಂದ ನೋಡಿದೆವು. ಎದ್ದು ಹೋಗಿ ಒಂದು ಸಲಾಮ್ ಕೂಡ ಹೇಳಲಿಲ್ಲ.

ಆ ತಂದೆ ಮಾಡಿದ್ದು ತಪ್ಪೇ? ಹೌದು, ತಪ್ಪು. ಆದರೆ ಆ ತಪ್ಪನ್ನು ಅವರಿಂದ ಮಾಡಿಸಿದವರು ಯಾರು? ಈ ಪ್ರಶ್ನೆಯನ್ನು ಕೈಬಿಟ್ಟು ಕೇವಲ ತಂದೆ ತಾಯಿಗೆ ಬುದ್ಧಿವಾದ ಹೇಳಿ ಹೊರಟರೆ ಅದು ನ್ಯಾಯವಾಗಲಾರದು.

ಸಹೋದರರೇ, ಬಡವರು ಮತ್ತು ಅಶಿಕ್ಷಿತರು ಮಾತ್ರ ಹೀಗೆ ಬಚ್ಚಿಡುತ್ತಾರೆಂದು ತಿಳಿಯಬೇಡಿ. ಒಂದು ಕಾಲದಲ್ಲಿ ಜಗತ್ತಿನ ಎರಡು ಬಲಿಷ್ಠ ಅರಮನೆಗಳೇ ಇದನ್ನು ಮಾಡಿದವು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್ ಮತ್ತು ರಶ್ಯದ ಸಾಮ್ರಾಜ್ಞಿ ಅಲೆಕ್ಸಾಂಡ್ರಾ, ಇಬ್ಬರೂ ರಾಣಿ ವಿಕ್ಟೋರಿಯಾಳ ಮೊಮ್ಮಕ್ಕಳು. ಇಬ್ಬರ ಮನೆಯಲ್ಲೂ ಒಂದೊಂದು ಗಂಡು ಮಗು ಒಂದು ವರ್ಷದ ಅಂತರದಲ್ಲಿ ಹುಟ್ಟಿತು. ಇಬ್ಬರ ಮಗುವಿಗೂ ರೋಗವಿತ್ತು. ಇಬ್ಬರೂ ಅದನ್ನು ಪ್ರಜೆಗಳಿಂದ ಮರೆಮಾಚಿದರು.

ಇಂಗ್ಲೆಂಡಿನ ರಾಜಕುಮಾರ ಜಾನ್ 1905ರ ಜುಲೈಯಲ್ಲಿ ಆರು ಮಂದಿ ಮಕ್ಕಳಲ್ಲಿ ಕೊನೆಯವನಾಗಿ ಹುಟ್ಟಿದನು. ನಾಲ್ಕನೇ ವಯಸ್ಸಿನಲ್ಲಿ ಅವನಿಗೆ ಮೊದಲ ಬಾರಿಗೆ ಅಪಸ್ಮಾರದ, ಅಂದರೆ ನಾವು ಮೂರ್ಛೆರೋಗ, ಮಲರೋಗ, ಫಿಟ್ಸ್ ಎಂದೆಲ್ಲ ಕರೆಯುವ ಕಾಯಿಲೆಯ ಸೆಳೆತ ಬಂತು. 1911ರಲ್ಲಿ ತಂದೆಯ ಪಟ್ಟಾಭಿಷೇಕ ನಡೆದಾಗ ಆರು ವರ್ಷವೂ ತುಂಬದಿದ್ದ ಈ ಹುಡುಗ ಅಲ್ಲಿರಲಿಲ್ಲ. ಸೆಳೆತಗಳು ಹೆಚ್ಚಾದಂತೆ, ಮೊದಲನೇ ಮಹಾಯುದ್ಧದ ನಡುವೆ, ಸ್ಯಾಂಡ್ರಿಂಗ್‌ಹ್ಯಾಮ್ ಎಸ್ಟೇಟಿನ ವುಡ್ ಫಾರ್ಮ್ ಎಂಬ ಮನೆಯಲ್ಲಿ ಅವನಿಗೆ ಪ್ರತ್ಯೇಕ ವಾಸದ ವ್ಯವಸ್ಥೆಯಾಯಿತು. ಜೊತೆಗಿದ್ದವರು ಅವನನ್ನು ಎತ್ತಿ ಬೆಳೆಸಿದ ದಾದಿ ಮತ್ತು ಕೆಲವು ಸೇವಕರು. 1919ರ ಜನವರಿ 18ರಂದು, ತೀವ್ರವಾದ ಸೆಳೆತದ ಬಳಿಕ ನಿದ್ದೆಯಲ್ಲಿಯೇ ಅವನು ತೀರಿಕೊಂಡನು. ಆಗ ಅವನಿಗೆ 13 ವರ್ಷ. ರಾಜಕುಮಾರನಿಗೆ ಅಪಸ್ಮಾರವಿತ್ತೆಂಬುದು ಜನಸಾಮಾನ್ಯರಿಗೆ ತಿಳಿದದ್ದು ಅವನ ಮರಣಾನಂತರ.

ಈ ಹೆತ್ತವರು ಕ್ರೂರಿಗಳಾಗಿದ್ದರೆಂದು ನಾವು ಹೇಳುವುದಿಲ್ಲ. ಅವನ ಒಂಟಿತನವನ್ನು ಕಂಡು ಜೊತೆಯಲ್ಲಿ ಆಡಲು ಹೊರಗಿನ ಮಕ್ಕಳನ್ನು ಕರೆಸಿಕೊಳ್ಳುವ ಏರ್ಪಾಡನ್ನು ತಾಯಿ ಮಾಡಿದ್ದರು. ಪ್ರೀತಿ ಇತ್ತು. ಆದರೆ ಆ ಪ್ರೀತಿಯು ಬೇಲಿಯ ಒಳಗಿನ ಪ್ರೀತಿಯಾಗಿತ್ತು. ನಮ್ಮ ಮನೆಗಳಲ್ಲಿ, ನೆಂಟರು ಬಂದೊಡನೆ ಒಂದು ಮಗುವನ್ನು ಮೆಲ್ಲನೆ ಒಳಕೋಣೆಗೆ ಕಳುಹಿಸುವ ತಾಯಂದಿರ ಪ್ರೀತಿಯೂ ಇಂತಹದೇ ಅಲ್ಲವೇ?

ಇನ್ನು ರಶ್ಯದ ಅರಮನೆ. ನಾಲ್ಕು ಹೆಣ್ಣುಮಕ್ಕಳ ಬಳಿಕ 1904ರ ಆಗಸ್ಟಿನಲ್ಲಿ ಹುಟ್ಟಿದ ಉತ್ತರಾಧಿಕಾರಿ ಅಲೆಕ್ಸಿಗೆ ಕೆಲವೇ ವಾರಗಳಲ್ಲಿ ಹೊಕ್ಕುಳಿನಿಂದ ರಕ್ತ ಒಸರತೊಡಗಿತು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎಂಬ ವಂಶವಾಹಿ ರೋಗವದು. ಸಿಂಹಾಸನದ ವಾರಸುದಾರನು ರೋಗಿಯೆಂದು ತಿಳಿದರೆ ಅರಸೊತ್ತಿಗೆಯ ಗತಿಯೇನು? ಹಾಗೆ ಅದು ರಾಜ್ಯರಹಸ್ಯವಾಯಿತು. ಅರಮನೆಯಲ್ಲಿ ಪಾಠ ಹೇಳುತ್ತಿದ್ದ ಸ್ವಿಟ್ಝರ್ಲೆಂಡಿನ ಶಿಕ್ಷಕ ಪಿಯರ್ ಗಿಲಿಯಾರ್‌ಗೂ ಬಹುಕಾಲ ರೋಗದ ಹೆಸರು ತಿಳಿದಿರಲಿಲ್ಲ. 1912ರ ಶರತ್ಕಾಲದಲ್ಲಿ ಪೋಲೆಂಡಿನ ಸ್ಪಾಲಾ ಎಂಬಲ್ಲಿ ಬಾಲಕನು ಸಾವಿನ ಅಂಚಿಗೆ ತಲುಪಿದಾಗ ಅರಮನೆಯು ಪ್ರಕಟಣೆಗಳನ್ನು ಹೊರಡಿಸಿತು. ಅವುಗಳಲ್ಲೂ ರೋಗದ ಹೆಸರಿರಲಿಲ್ಲ.

ರಹಸ್ಯವಿದ್ದಲ್ಲಿ ರಹಸ್ಯದ ವ್ಯಾಪಾರಿಯೂ ಬರುತ್ತಾನೆ. ರಾಸ್‌ಪುಟಿನ್ ಎಂಬ, ಸೈಬೀರಿಯಾದ ಹಳ್ಳಿಯಿಂದ ಬಂದ ಸಾಧು ವೇಷದ ವ್ಯಕ್ತಿಯು ಆ ಮನೆಯನ್ನು ಪ್ರವೇಶಿಸಿದನು. ಸ್ಪಾಲಾದಲ್ಲಿ ವೈದ್ಯರು ಕೈಚೆಲ್ಲಿದಾಗ ಸಾಮ್ರಾಜ್ಞಿಯ ಕೋರಿಕೆಯಂತೆ ಅವನಿಗೆ ತಂತಿ ಹೋಯಿತು. ಮಗು ಸಾಯುವುದಿಲ್ಲ ಎಂದು ಅವನು ಉತ್ತರಿಸಿದನು. ಮಗು ಚೇತರಿಸಿಕೊಂಡಿತು. ಅಂದಿನಿಂದ ತಾಯಿಯ ವಿಶ್ವಾಸ ಸಂಪೂರ್ಣವಾಗಿ ಅವನ ವಶವಾಯಿತು. ಕೊನೆಗೆ ಮಂತ್ರಿಗಳ ನೇಮಕದಲ್ಲೂ ಅವನ ಮಾತು ನಡೆಯತೊಡಗಿತು. ಇಂತಹ ಮನುಷ್ಯನು ಅರಮನೆಯ ಒಳಗೆ ಏಕಿದ್ದಾನೆಂದು ಪ್ರಜೆಗಳಿಗೆ ಅರ್ಥವಾಗಲಿಲ್ಲ. ಏಕೆಂದರೆ ಕಾರಣವನ್ನು ಅವರಿಂದ ಬಚ್ಚಿಡಲಾಗಿತ್ತು. ನಿಜ ತಿಳಿಯದ ಜನರು ಹೊಲಸು ವದಂತಿಗಳನ್ನು ಹೆಣೆದರು. 1916ರ ಡಿಸೆಂಬರಿನಲ್ಲಿ ರಾಸ್‌ಪುಟಿನ್‌ನ ಕೊಲೆಯಾಯಿತು, 1917ರ ಮಾರ್ಚ್‌ನಲ್ಲಿ ತ್ಸಾರ್ ಪದತ್ಯಾಗ ಮಾಡಿದನು, 1918ರ ಜುಲೈ 17ರಂದು ಮಗುವಿನ ಸಹಿತ ಇಡೀ ಕುಟುಂಬವನ್ನು ಗುಂಡಿಟ್ಟು ಕೊಲ್ಲಲಾಯಿತು. ರಶ್ಯದ ಕ್ರಾಂತಿಗೆ ಯುದ್ಧ, ಹಸಿವು, ದಬ್ಬಾಳಿಕೆ ಎಂಬ ದೊಡ್ಡ ಕಾರಣಗಳಿದ್ದವು. ಆದರೆ ಜನರ ಸಹಾನುಭೂತಿ ಗಳಿಸಬಹುದಾಗಿದ್ದ ಒಂದು ಸತ್ಯವನ್ನು ಮುಚ್ಚಿಟ್ಟು, ಆ ಕುಟುಂಬವು ಜನರ ತಿರಸ್ಕಾರವನ್ನು ಗಳಿಸಿತೆಂಬುದರಲ್ಲಿ ಸಂಶಯವಿಲ್ಲ. ಅಂದು ಹೆಸರಿಸದ ಆ ರೋಗವನ್ನು 2009ರಲ್ಲಿ ವಿಜ್ಞಾನಿಗಳು ಮೂಳೆಯ ಅವಶೇಷಗಳ ಡಿಎನ್‌ಎ ಪರೀಕ್ಷೆಯಿಂದ ಹಿಮೋಫಿಲಿಯಾ ಬಿ ಎಂದು ಖಚಿತಪಡಿಸಿದರು.

ಈ ಎರಡು ಮನೆಗಳಿಂದ ನಾವು ಎರಡು ಪಾಠಗಳನ್ನು ಕಲಿಯಬೇಕಾಗಿದೆ. ಬಚ್ಚಿಡುವಿಕೆಯು ಮಗುವನ್ನು ಒಂಟಿಯಾಗಿಸುತ್ತದೆ. ಬಚ್ಚಿಡುವಿಕೆಯು ಹೆತ್ತವರನ್ನು ಕಪಟಿಗಳ ಕೈಗೆ ಒಪ್ಪಿಸುತ್ತದೆ.

ಅಂದು ಜನರು ಏಕೆ ಬಚ್ಚಿಟ್ಟರು? ಅಂದಿನ ಪೂರ್ವಗ್ರಹವು ಬಾಯಿಮಾತಿನದ್ದಾಗಿರಲಿಲ್ಲ. ಅದು ಕಾನೂನೇ ಆಗಿತ್ತು. ಜರ್ಮನಿಯ ನಾಝಿ ಸರಕಾರವು 1933ರ ಜುಲೈಯಲ್ಲಿ ಒಂದು ಶಾಸನವನ್ನು ತಂದು, ವಂಶವಾಹಿ ಅಪಸ್ಮಾರವಿದೆಯೆಂದು ಗುರುತಿಸಿದವರನ್ನೂ ಸೇರಿಸಿ ಹಲವು ಬಗೆಯ ರೋಗಿಗಳ ಸಂತಾನಶಕ್ತಿಯನ್ನು ಬಲವಂತವಾಗಿ ನಾಶ ಮಾಡಿಸಿತು. ಸುಮಾರು 4 ಲಕ್ಷ ಮಂದಿ ಆ ಶಾಸನಕ್ಕೆ ಬಲಿಯಾದರು. ತನ್ನನ್ನು ನಾಗರಿಕವೆಂದು ಕರೆದುಕೊಳ್ಳುವ ಬ್ರಿಟನ್ನಿನಲ್ಲಿ ಅಪಸ್ಮಾರದ ಕಾರಣ ನೀಡಿ ವಿವಾಹವನ್ನು ಅಸಿಂಧುಗೊಳಿಸುವ ಅವಕಾಶವು 1971ರವರೆಗೂ ಇತ್ತು. ನಮ್ಮ ದೇಶದ ವಿಷಯವೇನು? ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗೆ 1976ರಲ್ಲಿ ತಂದ ತಿದ್ದುಪಡಿಯು, ಪದೇ ಪದೇ ಅಪಸ್ಮಾರ ಬರುವವರನ್ನು ಮಾನಸಿಕ ಅಸ್ವಸ್ಥರ ಜೊತೆಯಲ್ಲಿಟ್ಟು ವಿವಾಹಕ್ಕೆ ಅನರ್ಹರೆಂದಿತು. ಆ ಕಳಂಕವನ್ನು ಅಳಿಸಲು 1999ರ ತಿದ್ದುಪಡಿಯೇ ಬರಬೇಕಾಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಿ. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯಲ್ಲಿ ಪತ್ನಿಯು ವಿಚ್ಛೇದನ ಕೇಳಬಹುದಾದ ಕಾರಣಗಳ ಪಟ್ಟಿಯಿದೆ. ಅದರಲ್ಲಿ ಬುದ್ಧಿಭ್ರಮಣೆಯಿತ್ತು, ಕುಷ್ಠರೋಗವಿತ್ತು. ಅಪಸ್ಮಾರ ಎಂದೂ ಇರಲಿಲ್ಲ. ಕುಷ್ಠರೋಗವನ್ನೂ 2019ರಲ್ಲಿ ಸಂಸತ್ತು ಆ ಪಟ್ಟಿಯಿಂದ ತೆಗೆದುಹಾಕಿತು. ಅಂದರೆ ಶಾಸನದ ಪುಸ್ತಕದಲ್ಲಿ ನಮ್ಮ ಮಕ್ಕಳ ಮೇಲೆ ಈ ಕಳಂಕವಿಲ್ಲ. ಹಾಗಿದ್ದರೆ ಅದು ಎಲ್ಲಿದೆ? ನಮ್ಮ ಜಗಲಿಯಲ್ಲಿದೆ. ಹೆಣ್ಣು ನೋಡಲು ಬಂದವರು ಚಹಾ ಕುಡಿಯುತ್ತಾ ಕೇಳುವ ಪ್ರಶ್ನೆಗಳಲ್ಲಿದೆ. ಪಾರ್ಲಿಮೆಂಟು ಅಳಿಸಿದ್ದನ್ನು ನಮ್ಮ ಮೊಹಲ್ಲಾ ಅಳಿಸಿಲ್ಲ.

ನಮ್ಮ ಪಟ್ಟಣಗಳ ಮನೆಗಳಲ್ಲಿ ನಡೆಯುವುದೇನೆಂದು ತಮಗೆ ತಿಳಿಯದ್ದಲ್ಲ. ಹತ್ತು ಹನ್ನೊಂದರ ಹೆಣ್ಣುಮಗುವಿಗೆ ಶಾಲೆಯಲ್ಲಿ ಸೆಳೆತ ಬರುತ್ತದೆ. ಊರಿನ ವೈದ್ಯರಲ್ಲಿಗೆ ಹೋದರೆ ಸುದ್ದಿಯಾಗುವುದೆಂದು ದೂರದ ಊರಿಗೆ ಒಯ್ಯುತ್ತಾರೆ. ಬಸ್ಸಿನ ದಾರಿ ದೂರ, ಖರ್ಚು ಹೆಚ್ಚು. ಆದುದರಿಂದ ಮೂರು ತಿಂಗಳಿಗೊಮ್ಮೆ ಹೋಗಬೇಕಾದವರು ವರ್ಷಕ್ಕೊಮ್ಮೆ ಹೋಗುತ್ತಾರೆ. ನಡುವೆ ಯಾರೋ ತಾಯತದ ದಾರಿ ತೋರಿಸುತ್ತಾರೆ. ಮಂತ್ರವಾದಿಯ ದೊಡ್ಡ ಆಕರ್ಷಣೆ ಅವನ ಮಂತ್ರವಲ್ಲ, ಅವನು ಗುಟ್ಟು ಕಾಯುತ್ತಾನೆಂಬ ಭರವಸೆ. ಮಗುವಿನ ಶಾಲೆ ನಿಲ್ಲುತ್ತದೆ. ಮದುವೆಯ ವಯಸ್ಸು ಬರುತ್ತದೆ. ಒಂದು ವರ್ಷದಿಂದ ಸೆಳೆತ ಬಂದಿಲ್ಲವೆಂಬ ಧೈರ್ಯದಲ್ಲಿ ನಿಕಾಹ್ ನಡೆಯುತ್ತದೆ. ಹೊರಡುವ ದಿನ ತಾಯಿ ಮಗಳ ಕಿವಿಯಲ್ಲಿ ಹೇಳುವ ಮಾತು, ಅಲ್ಲಿ ಯಾರಿಗೂ ತೋರಿಸಬೇಡ ಎಂದು. ಮಗಳು ಮಾತ್ರೆಯನ್ನು ಬಚ್ಚಿಟ್ಟು ನುಂಗುತ್ತಾಳೆ, ಮುಗಿದಾಗ ತರಿಸಲಾರದೆ ನಿಲ್ಲಿಸುತ್ತಾಳೆ. ಅಪಸ್ಮಾರದ ಔಷಧವನ್ನು ಒಮ್ಮೆಲೇ ನಿಲ್ಲಿಸಿದರೆ ರೋಗವು ಹಿಂದಿಗಿಂತ ಉಗ್ರವಾಗಿ ಮರುಕಳಿಸಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಸೋಡಿಯಂ ವ್ಯಾಲ್‌ಪ್ರೋಯೇಟ್‌ನಂತಹ ಕೆಲವು ಔಷಧಗಳು ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲವಾದ್ದರಿಂದ ಗರ್ಭಧಾರಣೆಗೆ ಮುಂಚಿತವಾಗಿಯೇ ವೈದ್ಯರೊಂದಿಗೆ ಮಾತನಾಡಿ ಔಷಧವನ್ನು ನಿರ್ಧರಿಸಿಕೊಳ್ಳಬೇಕು. ಗಂಡನಿಗೇ ತಿಳಿಯದ ರೋಗದ ಬಗ್ಗೆ ಆ ಹೆಣ್ಣು ಯಾವ ವೈದ್ಯರ ಬಳಿ, ಯಾರ ಜೊತೆ ಹೋಗಿ ಮಾತನಾಡಬೇಕು?

ಕೊನೆಗೆ ಒಂದು ದಿನ ಅಡುಗೆಮನೆಯಲ್ಲಿ, ಒಲೆಯ ಪಕ್ಕದಲ್ಲಿ, ಎಲ್ಲವೂ ಬಯಲಾಗುತ್ತದೆ. ಆಗ ಮೋಸ ಹೋದೆವೆಂದು ಗಂಡಿನ ಕಡೆಯವರು ಕೂಗುತ್ತಾರೆ. ಅವರ ಕೂಗಿನಲ್ಲಿ ಸತ್ಯಾಂಶವಿದೆ. ಪ್ರವಾದಿ(ಸ)ಯವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಾಗಿದ ಪ್ರಸಂಗವು ತಮಗೆ ತಿಳಿದಿದೆ. ಒದ್ದೆಯಾದುದನ್ನು ಜನರು ಕಾಣುವಂತೆ ಮೇಲಿಡಬಾರದಿತ್ತೇ ಎಂದು ಪ್ರಶ್ನಿಸಿದ ಅವರು, ವಂಚಿಸುವವನಿಗೆ ತಮ್ಮೊಂದಿಗೆ ಸಂಬಂಧವಿಲ್ಲವೆಂದರು. ಒಂದು ಸೇರು ಧಾನ್ಯದ ವ್ಯಾಪಾರಕ್ಕೇ ಇಷ್ಟು ಪ್ರಾಮಾಣಿಕತೆ ಬೇಕಾದರೆ, ಎರಡು ಜೀವಗಳನ್ನು ಬೆಸೆಯುವ ಕರಾರಿಗೆ ಎಷ್ಟು ಬೇಡ? ಆದುದರಿಂದ ಹೆತ್ತವರಿಗೆ ನಾವು ಸ್ಪಷ್ಟವಾಗಿ ಹೇಳುತ್ತೇವೆ: ವಿವಾಹ ಸಂಬಂಧ ಬೆಳೆಸುವವರಿಂದ ರೋಗವನ್ನು ಮುಚ್ಚಿಡುವ ಹಕ್ಕು ನಿಮಗಿಲ್ಲ. ಗಂಡು ಮಗನ ರೋಗವನ್ನು ಮುಚ್ಚಿಟ್ಟು ಬಡವರ ಮನೆಯ ಹೆಣ್ಣು ತರುವವರಿಗೆ ಇದನ್ನು ಎರಡು ಪಟ್ಟು ಗಟ್ಟಿಯಾಗಿ ಹೇಳಬೇಕು. ಏಕೆಂದರೆ ಮಗಳ ರೋಗಕ್ಕೆ ಅಂಜುವ ನಾವು ಮಗನ ರೋಗಕ್ಕೆ, ಮದುವೆಯಾದರೆ ಸರಿಹೋಗುತ್ತದೆ ಎಂಬ ಔಷಧ ಬರೆದುಕೊಡುತ್ತೇವೆ.

ಆದರೆ ಕೇಳುವವರಿಗೂ ಒಂದು ಹೊಣೆಯಿದೆ. ಹೆಣ್ಣಿನ ತಂದೆ ಧೈರ್ಯ ಮಾಡಿ ನಿಜ ಹೇಳಿದನೆಂದಿಟ್ಟುಕೊಳ್ಳಿ. ಸಂಬಂಧ ಬೇಡವೆನ್ನುವ ಸ್ವಾತಂತ್ರ್ಯ ನಿಮಗಿದೆ. ಆದರೆ ಆ ಮನೆಯ ಮೆಟ್ಟಿಲಿಳಿದು ನಾಲ್ಕು ಮನೆಗೆ ಅದನ್ನು ಹಂಚುವ ಅಧಿಕಾರ ನಿಮಗೆ ಯಾರು ಕೊಟ್ಟರು? ಅದು ಅಮಾನತ್ತು. ಅಮಾನತ್ತಿನ ದ್ರೋಹ ಮತ್ತು ಗೀಬತ್, ಎರಡು ಪಾಪಗಳನ್ನು ಒಂದೇ ಚಹಾದ ಲೋಟದಲ್ಲಿ ಕುಡಿಯುವವರಿದ್ದಾರೆ. ಒಬ್ಬ ತಂದೆ ಸತ್ಯ ಹೇಳಿ ಸುಟ್ಟುಕೊಂಡದ್ದನ್ನು ಕಂಡ ಹತ್ತು ತಂದೆಯಂದಿರು ಸುಳ್ಳು ಹೇಳಲು ಕಲಿಯುತ್ತಾರೆ. ಆ ಹತ್ತು ಸುಳ್ಳುಗಳ ಲೆಕ್ಕವೂ ಈ ನಾಲಗೆಯ ಖಾತೆಗೇ ಸೇರಬೇಕಾಗಿದೆ.

ಸತ್ಯವಿಶ್ವಾಸಿಗಳೇ, ಈ ವಿಷಯದಲ್ಲಿ ಪ್ರವಾದಿ(ಸ)ಯವರ ಕಾಲದ ಒಂದು ಪ್ರಸಂಗಕ್ಕಿಂತ ಮಿಗಿಲಾದ ಮಾರ್ಗದರ್ಶನ ನಮಗೆ ಬೇಕಾಗಿಲ್ಲ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದು ವರದಿಯಾಗಿದೆ. ಇಬ್ನು ಅಬ್ಬಾಸ್(ರ)ರವರು ತಮ್ಮ ಶಿಷ್ಯ ಅತಾಅ್ ಬಿನ್ ಅಬೀ ರಬಾಹ್‌ರೊಡನೆ, ಸ್ವರ್ಗದ ಮಹಿಳೆಯೊಬ್ಬಳನ್ನು ತೋರಿಸಲೇ ಎಂದು ಕೇಳುತ್ತಾರೆ. ತೋರಿಸಿದ್ದು ಒಬ್ಬ ಕಪ್ಪು ವರ್ಣದ ಮಹಿಳೆಯನ್ನು. ಆಕೆಗೆ ಅಪಸ್ಮಾರವಿತ್ತು. ಆಕೆ ಪ್ರವಾದಿ(ಸ)ಯವರ ಬಳಿಗೆ ಬಂದು, ತನಗೆ ಸೆಳೆತ ಬರುತ್ತದೆ, ಆಗ ಮೈಮೇಲಿನ ಬಟ್ಟೆ ಸರಿಯುತ್ತದೆ, ತನಗಾಗಿ ಪ್ರಾರ್ಥಿಸಬೇಕು ಎಂದು ಕೇಳಿಕೊಂಡಿದ್ದಳು. ಪ್ರವಾದಿ(ಸ)ಯವರು ಎರಡು ಆಯ್ಕೆಗಳನ್ನು ಮುಂದಿಟ್ಟರು: ಸಹನೆ ವಹಿಸಿದರೆ ಸ್ವರ್ಗ, ಬಯಸಿದರೆ ಗುಣಕ್ಕಾಗಿ ಪ್ರಾರ್ಥನೆ. ಆಕೆ ಸಹನೆಯನ್ನು ಆರಿಸಿದಳು. ಆದರೆ ಬಟ್ಟೆ ಸರಿಯದಂತೆ ಪ್ರಾರ್ಥಿಸಿರಿ ಎಂದಳು. ಪ್ರವಾದಿ(ಸ)ಯವರು ಹಾಗೆಯೇ ಪ್ರಾರ್ಥಿಸಿದರು.

ಈ ಪ್ರಸಂಗವನ್ನು ಸಹನೆಯ ಪಾಠವಾಗಿ ನಾವು ಅನೇಕ ಬಾರಿ ಕೇಳಿದ್ದೇವೆ. ಚಿಕಿತ್ಸೆ ಬೇಡವೆಂಬುದಕ್ಕೆ ಇದನ್ನು ಪುರಾವೆಯಾಗಿ ತರುವವರೂ ಇದ್ದಾರೆ. ಅದು ಸರಿಯಲ್ಲ. ಚಿಕಿತ್ಸೆ ಪಡೆಯಿರಿ, ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲವೆಂದು ಕಲಿಸಿದವರೂ ಅದೇ ಪ್ರವಾದಿ(ಸ)ಯವರು. ಆ ಮಹಿಳೆ ವಯಸ್ಕಳಾಗಿದ್ದಳು, ತನಗಾಗಿ ತಾನೇ ಆರಿಸಿಕೊಂಡಳು. ಮಗುವಿನ ಪರವಾಗಿ ನಾವು ಸಹನೆಯನ್ನು ಆರಿಸಿ, ಮದ್ದನ್ನು ನಿರಾಕರಿಸಲು ಇಲ್ಲಿ ಯಾವ ಅನುಮತಿಯೂ ಇಲ್ಲ.

ಇಲ್ಲಿ ಇನ್ನೊಂದು ಪಾಠವಿದೆ. ಆಕೆ ತನ್ನ ರೋಗವನ್ನು ಮುಚ್ಚಿಡಲಿಲ್ಲ. ಬಂದು, ಬಾಯಿಬಿಟ್ಟು ಹೇಳಿದಳು. ಆಕೆ ಮುಚ್ಚಿಡಬಯಸಿದ್ದು ತನ್ನ ಮಾನವನ್ನು. ಪ್ರವಾದಿ(ಸ)ಯವರು ರೋಗದ ಕಾರಣಕ್ಕೆ ಆಕೆಯನ್ನು ದೂರವಿಡಲಿಲ್ಲ, ಮಾನದ ಚಿಂತೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕಲೂ ಇಲ್ಲ. ವರ್ಷಗಳ ಬಳಿಕ ಇಬ್ನು ಅಬ್ಬಾಸ್(ರ) ಆಕೆಯನ್ನು ತೋರಿಸಿದಾಗ ಮೊದಲು ಹೇಳಿದ್ದು ಆಕೆಯ ರೋಗವನ್ನಲ್ಲ, ಆಕೆಯ ಸ್ಥಾನವನ್ನು. ನಾವಾದರೋ ಇದನ್ನು ತಲೆಕೆಳಗು ಮಾಡಿಬಿಟ್ಟಿದ್ದೇವೆ. ವೈದ್ಯರಿಂದ, ಶಿಕ್ಷಕರಿಂದ, ಬಾಳಸಂಗಾತಿಯಿಂದ ರೋಗವನ್ನು ಮುಚ್ಚುತ್ತೇವೆ. ಬೀದಿಯಲ್ಲಿ ಮಗು ಬಿದ್ದಾಗ ಸುತ್ತ ನೆರೆದು ನೋಡುತ್ತೇವೆ, ಮೈಮೇಲೊಂದು ಶಾಲು ಹೊದಿಸುವವರು ಇರುವುದಿಲ್ಲ. ಮುಚ್ಚಬೇಕಾದುದನ್ನು ತೆರೆದಿಟ್ಟು, ತೆರೆಯಬೇಕಾದುದನ್ನು ಮುಚ್ಚಿದ್ದೇವೆ.

ಜಿನ್ನ್‌ಗಳ ವಿಷಯವನ್ನೂ ಹೇಳಿಬಿಡೋಣ. ಜಿನ್ನ್‌ಗಳ ಅಸ್ತಿತ್ವವು ಕುರ್‌ಆನ್ ತಿಳಿಸಿದ ವಿಷಯ, ನಾವು ಅದನ್ನು ನಂಬುತ್ತೇವೆ. ಆದರೆ ಆ ನಂಬಿಕೆಯ ಹೆಸರಿನಲ್ಲಿ ಮೆದುಳಿನ ರೋಗಕ್ಕೆ ಬೆತ್ತದ ಏಟು, ಹೊಗೆ, ಉಪವಾಸಗಳ ಶಿಕ್ಷೆ ಕೊಡುವುದನ್ನು ಯಾವ ಧರ್ಮವೂ ಕಲಿಸಿಲ್ಲ. ಸಾವಿರ ವರ್ಷಗಳ ಹಿಂದೆ ಇಬ್ನು ಸೀನಾ ತಮ್ಮ ವೈದ್ಯಗ್ರಂಥ ‘ಅಲ್ ಕಾನೂನ್’ನಲ್ಲಿ ಅಪಸ್ಮಾರವನ್ನು ಮೆದುಳಿನ ರೋಗಗಳ ಸಾಲಿನಲ್ಲಿಟ್ಟು ಚರ್ಚಿಸಿದರು. ದಮಾಸ್ಕಸ್‌ನಲ್ಲಿ ಸುಲ್ತಾನ್ ನೂರುದ್ದೀನ್ 1154ರಲ್ಲಿ, ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಕಟ್ಟಿಸಿದ ಬೀಮಾರಿಸ್ತಾನ್‌ಗಳೆಂಬ ಆಸ್ಪತ್ರೆಗಳು ಮನೋರೋಗಿಗಳಿಗೂ ಬಾಗಿಲು ತೆರೆದಿದ್ದವು. ಆ ಇತಿಹಾಸವನ್ನು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುವ ನಾವು, ಮನೆಗೆ ಮರಳಿ ಮಗುವಿನ ತೋಳಿಗೆ ತಾಯತ ಕಟ್ಟುವುದು ಎಂತಹ ವಿಪರ್ಯಾಸ! ಪ್ರಾರ್ಥಿಸಿರಿ. ಪ್ರಾರ್ಥನೆಯು ವಿಶ್ವಾಸಿಯ ಆಸರೆ. ಆದರೆ ಪ್ರಾರ್ಥನೆಯ ಹೆಸರಿನಲ್ಲಿ ಹಣ ಕೀಳುವವನ ಮನೆಗೆ ಮಗುವನ್ನು ಒಯ್ಯಬೇಡಿ.

ಅಂದಿನ ಅರಮನೆಗಿಲ್ಲದ ಸೌಲಭ್ಯ ಇಂದಿನ ಬಡವನಿಗಿದೆ. ಅಪಸ್ಮಾರಕ್ಕೆ ಫಿನೋಬಾರ್ಬಿಟಾಲ್‌ನ ಬಳಕೆ ಆರಂಭವಾದದ್ದು 1912ರಲ್ಲಿ, ಫಿನಿಟೋಯಿನ್ ಬಂದದ್ದು 1938ರಲ್ಲಿ. ಇಂದು ಅವೂ ಅವುಗಳ ನಂತರ ಬಂದ ಔಷಧಗಳೂ ಸರಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್ ನಮ್ಮದೇ ರಾಜ್ಯದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಮಂದಿಗೆ ಅಪಸ್ಮಾರವಿದೆ. ಸರಿಯಾದ ರೋಗನಿರ್ಣಯ ಮತ್ತು ಚಿಕಿತ್ಸೆ ದೊರೆತರೆ ಅವರಲ್ಲಿ ಶೇ. 70ರಷ್ಟು ಮಂದಿ ಸೆಳೆತಗಳಿಲ್ಲದೆ ಬದುಕಬಲ್ಲರು. ಬಡ ದೇಶಗಳಲ್ಲಿ ನಾಲ್ವರಲ್ಲಿ ಮೂವರಿಗೆ ಬೇಕಾದ ಚಿಕಿತ್ಸೆ ದೊರೆಯುತ್ತಿಲ್ಲ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಔಷಧದ ಕೊರತೆಯನ್ನು ನೀಗಿಸುವಂತೆ ಸರಕಾರವನ್ನು ಒತ್ತಾಯಿಸೋಣ, ಅದು ನಮ್ಮ ಹಕ್ಕು. ಆದರೆ ನಾಚಿಕೆಯಿಂದ ಆಸ್ಪತ್ರೆಗೇ ಹೋಗದವರಿಗೆ ಯಾವ ಸರಕಾರವೂ ಮದ್ದು ಕೊಡಲಾರದು.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ಯಾರಾದರೂ ಸೆಳೆತದಿಂದ ಬಿದ್ದರೆ ಏನು ಮಾಡಬೇಕೆಂಬುದನ್ನು ಪ್ರತಿ ಮದ್ರಸದ ಉಸ್ತಾದರೂ, ಪ್ರತಿ ಮನೆಯವರೂ ಕಲಿಯಬೇಕು. ಸುತ್ತಲಿನ ಗಡುಸಾದ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತಗಿನ ಬಟ್ಟೆ ಇಡಿ, ಕುತ್ತಿಗೆಯ ಬಳಿಯ ಬಿಗಿಯುಡುಪನ್ನು ಸಡಿಲಿಸಿ, ಮೆಲ್ಲನೆ ಒಂದು ಮಗ್ಗುಲಿಗೆ ಹೊರಳಿಸಿ. ಕೈಕಾಲುಗಳನ್ನು ಅದುಮಿ ಹಿಡಿಯಬೇಡಿ. ಬಾಯಿಯೊಳಗೆ ಚಮಚ, ಬೆರಳು, ನೀರು ಯಾವುದನ್ನೂ ಹಾಕಬೇಡಿ. ಕಬ್ಬಿಣ, ಚಪ್ಪಲಿ, ಈರುಳ್ಳಿಗಳಿಂದ ಯಾವ ಪ್ರಯೋಜನವೂ ಇಲ್ಲ. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಇದು ಮುಟ್ಟಿದರೆ ಅಂಟುವ ರೋಗವಲ್ಲ.

ಎರಡನೆಯದಾಗಿ, ರಮಝಾನ್‌ನಲ್ಲಿ ರೋಗಿಗೆ ಅಲ್ಲಾಹನು ನೀಡಿದ ರಿಯಾಯಿತಿಯನ್ನು ನಾವು ಕಸಿದುಕೊಳ್ಳಬಾರದು. ಇತರರಿಗೆ ತಿಳಿದೀತೆಂಬ ಭಯದಿಂದ ಮಧ್ಯಾಹ್ನದ ಮಾತ್ರೆ ಬಿಟ್ಟು ಉಪವಾಸ ಹಿಡಿಯುವ ಮಕ್ಕಳಿದ್ದಾರೆ. ವೈದ್ಯರನ್ನು ಮುಂಚಿತವಾಗಿ ಕೇಳಿ. ಔಷಧದ ಹೊತ್ತನ್ನು ಬದಲಿಸಲು ಸಾಧ್ಯವಿದ್ದರೆ ಅವರೇ ಹೇಳುತ್ತಾರೆ, ಇಲ್ಲದಿದ್ದರೆ ಉಪವಾಸ ಬಿಡಲಿ. ಆ ಮಗುವಿನೊಡನೆ, ಉಪವಾಸವಿಲ್ಲವೇ ಎಂದು ಎಲ್ಲರೆದುರು ಕೇಳುವ ಚಟವನ್ನು ನಾವೂ ಬಿಡೋಣ.

ಮೂರನೆಯದಾಗಿ, ಜಮಾಅತ್‌ಗಳು ಮತ್ತು ಖತೀಬರು ಈ ಮಾತನ್ನು ಮಿಂಬರ್‌ನಿಂದ ಆಡಬೇಕು. ಸಂಬಂಧ ಕುದುರಿಸುವಾಗ ಎರಡೂ ಕಡೆಯವರು ಆರೋಗ್ಯದ ಮಾಹಿತಿಯನ್ನು ನೇರವಾಗಿ, ಗೌಪ್ಯವಾಗಿ ಹಂಚಿಕೊಳ್ಳುವ ಪದ್ಧತಿ ಬರಬೇಕು. ನಿಜ ಹೇಳಿದವನ ಮನೆಯ ಸುದ್ದಿಯನ್ನು ಬೀದಿಗೆ ತಂದವನಿಗೆ ಬುದ್ಧಿ ಹೇಳುವ ಹಿರಿಯರಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನಿಯಮಿತ ಔಷಧ ಸೇವಿಸುತ್ತಾ ಓದಿ, ದುಡಿದು, ಸಂಸಾರ ನಡೆಸುತ್ತಿರುವವರು ನಮ್ಮ ನಡುವೆಯೇ ಇದ್ದಾರೆಂಬುದನ್ನು ನಾವು ಅರಿಯಬೇಕು. ಅಂಧರಾಗಿದ್ದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ)ರವರು ಪ್ರವಾದಿ(ಸ)ಯವರ ಮಸೀದಿಯಲ್ಲಿ ಅದಾನ್ ಕೊಡುತ್ತಿದ್ದರು. ಪ್ರವಾದಿ(ಸ)ಯವರು ಊರಿನಲ್ಲಿಲ್ಲದಾಗ ಮದೀನಾದ ಉಸ್ತುವಾರಿಯನ್ನೂ ಅವರಿಗೆ ಒಪ್ಪಿಸಿದ್ದುಂಟು. ಅಂತಹ ಸಮಾಜದ ವಾರಸುದಾರರು ನಾವೆಂದು ಹೇಳಿಕೊಳ್ಳುತ್ತೇವೆ.

ಕೊನೆಯದಾಗಿ ಒಂದು ಮಾತು. ಇಂದು ನಮ್ಮ ಹೆಸರು ಕೇಳಿ ಬಾಡಿಗೆ ಮನೆ ನಿರಾಕರಿಸುವವರಿದ್ದಾರೆ, ಉದ್ಯೋಗ ನಿರಾಕರಿಸುವವರಿದ್ದಾರೆ, ಕಾರಣವಿಲ್ಲದೆ ಸಂಶಯದ ಕಣ್ಣಿನಿಂದ ನೋಡುವವರಿದ್ದಾರೆ. ಆ ನೋವು ಎಂತಹದೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಾನು ಮಾಡದ ತಪ್ಪಿಗೆ ನನ್ನನ್ನೇಕೆ ದೂರವಿಡುತ್ತೀರಿ ಎಂದು ನಾವು ಕೇಳುತ್ತೇವೆ. ಅದೇ ಪ್ರಶ್ನೆಯನ್ನು ನಮ್ಮ ಮನೆಯ ಒಳಕೋಣೆಯಲ್ಲಿ ಕುಳಿತ ಮಗುವೊಂದು ನಮ್ಮೊಡನೆ ಕೇಳುತ್ತಿದೆ. ಪೂರ್ವಗ್ರಹದ ವಿರುದ್ಧ ಹೊರಗೆ ನ್ಯಾಯ ಕೇಳುವವರು ಒಳಗೆ ನ್ಯಾಯ ಕೊಡದಿದ್ದರೆ ಆ ಬೇಡಿಕೆಗೆ ಬಲವೆಲ್ಲಿಂದ ಬರಬೇಕು?

ನಮ್ಮ ಆ ಸಹಪಾಠಿ ಈಗ ಎಲ್ಲಿದ್ದಾನೆಂದು ನಮಗೆ ತಿಳಿಯದು. ಅವನ ಕಂಠಪಾಠ ಪೂರ್ಣವಾಯಿತೋ ಇಲ್ಲವೋ ತಿಳಿಯದು. ಅಂದು ಅವನ ಹಾಸಿಗೆ ಕಟ್ಟಿಸಿದ್ದು ರೋಗವಲ್ಲ, ನಮ್ಮ ಚಾಪೆಗಳ ನಡುವಿನ ಎರಡು ಮೊಳ ಅಂತರವೆಂಬುದು ಮಾತ್ರ ಈಗ ನಮಗೆ ಸ್ಪಷ್ಟವಾಗಿದೆ. ತಮ್ಮ ಮಗನ, ತಮ್ಮ ನೆರೆಮನೆಯ ಹುಡುಗಿಯ, ತಮ್ಮ ಮದ್ರಸದ ಮಗುವಿನ ಪಕ್ಕದಲ್ಲಿ ಅಂತಹ ಅಂತರವೊಂದು ಇದ್ದರೆ, ಇಂದು ರಾತ್ರಿಯೇ ಚಾಪೆಯನ್ನು ಮರಳಿ ಹತ್ತಿರಕ್ಕೆ ಎಳೆದುಕೊಳ್ಳಿರಿ ಎಂದು ವಿನಂತಿಸುತ್ತೇವೆ.

ಅಲ್ಲಾಹನು ನಮ್ಮ ರೋಗಿಗಳಿಗೆ ಗುಣವನ್ನೂ, ಅವರ ಹೆತ್ತವರಿಗೆ ಧೈರ್ಯವನ್ನೂ, ನಮ್ಮ ನಾಲಗೆಗಳಿಗೆ ಸಂಯಮವನ್ನೂ ಕರುಣಿಸಲಿ. ಆಮೀನ್.